ಎಡ್ವಿನ್ ಬ್ರಾಡ್‌ಫರ್ಡ್ ಕ್ರೇಗಿನ್

ಎಡ್ವಿನ್ ಬ್ರಾಡ್‌ಫರ್ಡ್ ಕ್ರೇಗಿನ್ (1859–1918) ಅಮೆರಿಕ ಸಂಯುಕ್ತ ಸಂಸ್ಥಾನದ ಪ್ರಸೂತಿ ವೈದ್ಯರು, ಸ್ತ್ರೀರೋಗ ತಜ್ಞರು ಮತ್ತು ಪ್ರಾಧ್ಯಾಪಕರು. ನ್ಯೂಯಾರ್ಕ್ ನಗರದ ಸ್ಲೋನ್ ಹೆರಿಗೆ ಆಸ್ಪತ್ರೆಯ ಮುಖ್ಯಸ್ಥರಾಗಿಯೂ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜ್ ಆಫ್ ಫಿಸಿಷಿಯನ್ಸ್ ಅಂಡ್ ಸರ್ಜನ್ಸ್ ವೈದ್ಯಕೀಯ ಕಾಲೇಜಿನ ಅಧ್ಯಾಪಕರಾಗಿಯೂ ಅವರು ಸೇವೆ ಸಲ್ಲಿಸಿದರು. ಆದರೆ ವೈದ್ಯಕೀಯ ಲೋಕ ಅವರನ್ನು ನೆನೆಯುವುದು 1916ರ ಒಂದು ಉಪನ್ಯಾಸದಲ್ಲಿ ಅವರು ಆಡಿದ ಒಂದೇ ಒಂದು ವಾಕ್ಯದಿಂದ. ಒಂದು ಸಲ ಸಿಸೇರಿಯನ್ ಶಸ್ತ್ರಚಿಕಿತ್ಸೆಯಿಂದ ಹೆತ್ತವಳು ಮುಂದಿನ ಹೆರಿಗೆಗಳಲ್ಲಿಯೂ ಅದಕ್ಕೇ ಒಳಗಾಗಬೇಕಾಗುತ್ತದೆ ಎಂಬುದು ಅದರ ತಾತ್ಪರ್ಯ. ಶಸ್ತ್ರಚಿಕಿತ್ಸೆಗಳನ್ನು ಕಡಿಮೆ ಮಾಡಿಸುವುದಕ್ಕಾಗಿ ಹೇಳಿದ ಈ ಎಚ್ಚರಿಕೆಯ ಮಾತು ಅವರ ಕಾಲಾನಂತರ ಶಸ್ತ್ರಚಿಕಿತ್ಸೆಗಳನ್ನು ಹೆಚ್ಚಿಸುವ ನಿಯಮವಾಗಿ ಮಾರ್ಪಟ್ಟಿತು. ಸುಮಾರು ಆರು ದಶಕಗಳ ಕಾಲ ಅಮೆರಿಕದ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಆದ ತಾಯಂದಿರಿಗೆ ಸಹಜ ಹೆರಿಗೆಯ ಅವಕಾಶವೇ ಇಲ್ಲದಂತಾಗಲು ಈ ವಾಕ್ಯ ಆಧಾರವಾಯಿತು.

ಬಾಲ್ಯ ಮತ್ತು ಶಿಕ್ಷಣ

ಕ್ರೇಗಿನ್ ಅವರು 1859ರಲ್ಲಿ ಕನೆಕ್ಟಿಕಟ್ ರಾಜ್ಯದ ಕೋಲ್‌ಚೆಸ್ಟರ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ಆ ಊರಿನ ಸಾರ್ವಜನಿಕ ಗ್ರಂಥಾಲಯ ಇಂದಿಗೂ ಕ್ರೇಗಿನ್ ಮನೆತನದ ಹೆಸರನ್ನೇ ಹೊತ್ತಿದೆ. 1882ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಪದವಿ ಪಡೆದ ಅವರು ವೈದ್ಯ ಶಿಕ್ಷಣಕ್ಕಾಗಿ ನ್ಯೂಯಾರ್ಕಿಗೆ ಬಂದು, 1886ರಲ್ಲಿ ಕಾಲೇಜ್ ಆಫ್ ಫಿಸಿಷಿಯನ್ಸ್ ಅಂಡ್ ಸರ್ಜನ್ಸ್‌ನಲ್ಲಿ ವೈದ್ಯ ಪದವಿಯನ್ನು ಗಳಿಸಿದರು. ಅಲ್ಲಿಂದ ಮುಂದೆ ಅವರ ವೃತ್ತಿಜೀವನವೆಲ್ಲ ನ್ಯೂಯಾರ್ಕ್ ನಗರದಲ್ಲಿಯೇ ಕಳೆಯಿತು.

ಅಧ್ಯಾಪನದಲ್ಲಿ ಅವರಿಗೆ ಮೊದಲಿನಿಂದಲೂ ಒಲವಿತ್ತು. 1890ರಲ್ಲಿ ವಿದ್ಯಾರ್ಥಿಗಳ ಅನುಕೂಲಕ್ಕಾಗಿ ಸ್ತ್ರೀರೋಗ ಶಾಸ್ತ್ರದ ಮುಖ್ಯಾಂಶಗಳನ್ನು ಪ್ರಶ್ನೋತ್ತರ ರೂಪದಲ್ಲಿ ಸಂಗ್ರಹಿಸಿದ ಕೈಪಿಡಿಯೊಂದನ್ನು ಹೊರತಂದರು. ಪದವಿ ಪಡೆದು ನಾಲ್ಕೇ ವರ್ಷಗಳಾಗಿದ್ದ ತರುಣ ವೈದ್ಯರ ಪುಸ್ತಕ ಅದು. ಅವರ ದೊಡ್ಡ ಕೃತಿಯಾದ ಪ್ರಸೂತಿ ಶಾಸ್ತ್ರದ ಪಠ್ಯಪುಸ್ತಕ ಪ್ರಕಟವಾದದ್ದು ಬಹಳ ತಡವಾಗಿ, 1916ರಲ್ಲಿ. ಪ್ರಸಿದ್ಧ ಉಪನ್ಯಾಸವೂ ಅದೇ ವರ್ಷದ್ದು.

ಸ್ಲೋನ್ ಆಸ್ಪತ್ರೆ

ಕ್ರೇಗಿನ್ ಅವರ ಹೆಸರಿನೊಡನೆ ಸೇರಿಹೋಗಿರುವ ಸಂಸ್ಥೆ ಸ್ಲೋನ್ ಹೆರಿಗೆ ಆಸ್ಪತ್ರೆ. ನ್ಯೂಯಾರ್ಕಿನ ಸಿರಿವಂತ ದಂಪತಿಗಳಾದ ವಿಲಿಯಂ ಸ್ಲೋನ್ ಮತ್ತು ಎಮಿಲಿ ವಾಂಡರ್‌ಬಿಲ್ಟ್ ಸ್ಲೋನ್ ಇವರ ದಾನದಿಂದ 1888ರಲ್ಲಿ ಇದು ಆರಂಭವಾಯಿತು. ಎಮಿಲಿಯವರ ತಂದೆ ವಿಲಿಯಂ ವಾಂಡರ್‌ಬಿಲ್ಟ್ ವೈದ್ಯಕೀಯ ಕಾಲೇಜಿಗೆ 59ನೆಯ ಬೀದಿಯಲ್ಲಿ ನಿವೇಶನ ಕೊಡಿಸಿದ್ದರು. ಆಸ್ಪತ್ರೆಯೂ ಕಾಲೇಜಿನ ಮಗ್ಗುಲಲ್ಲಿಯೇ ಎದ್ದಿತು. ಬಡ ಹೆಂಗಸರಿಗೆ ಶುಲ್ಕವಿಲ್ಲದೆ ಹೆರಿಗೆ ಮಾಡಿಸುವುದು, ಜೊತೆಗೆ ವೈದ್ಯ ವಿದ್ಯಾರ್ಥಿಗಳಿಗೆ ಕೈಯಾರೆ ಕಲಿಯುವ ಅವಕಾಶ ಒದಗಿಸುವುದು ಅದರ ಉದ್ದೇಶವಾಗಿತ್ತು. ಅಮೆರಿಕದ ಬಹುಪಾಲು ಹೆಂಗಸರು ಆಗ ಮನೆಯಲ್ಲಿಯೇ, ಸೂಲಗಿತ್ತಿ ಅಥವಾ ಊರ ವೈದ್ಯನ ನೆರವಿನಿಂದ ಹೆರುತ್ತಿದ್ದರು. ಹೆರಿಗೆಯನ್ನು ಆಸ್ಪತ್ರೆಯಲ್ಲಿ, ಪಾಠದ ವಿಷಯವಾಗಿ ಶಿಸ್ತಿನಿಂದ ಕಲಿಸುವುದು ಅಂದಿಗೆ ಹೊಸ ಸಂಗತಿ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಕ್ರೇಗಿನ್, ತಮಗಿಂತ ಹಿರಿಯರಾದ ಜೇಮ್ಸ್ ಮೆಕ್‌ಲೇನ್ ಅವರ ತರುವಾಯ, ಈ ಆಸ್ಪತ್ರೆಯ ಹೊಣೆಯನ್ನೂ ಕಾಲೇಜಿನ ಪ್ರಸೂತಿ ವಿಭಾಗದ ಪ್ರಾಧ್ಯಾಪಕ ಪದವಿಯನ್ನೂ ವಹಿಸಿಕೊಂಡರು. ಅವರ ಅವಧಿಯಲ್ಲಿ ಆಸ್ಪತ್ರೆ ಹೆರಿಗೆಗೆ ಮಾತ್ರ ಮೀಸಲಾಗಿ ಉಳಿಯದೆ ಸ್ತ್ರೀರೋಗಗಳ ಚಿಕಿತ್ಸೆಗೂ ತೆರೆದುಕೊಂಡು, ಸ್ಲೋನ್ ಮಹಿಳಾ ಆಸ್ಪತ್ರೆ ಎಂಬ ಹೊಸ ಹೆಸರನ್ನು ಪಡೆಯಿತು. ಅವರು ತೀರಿಕೊಂಡ ಹತ್ತು ವರ್ಷಗಳ ಬಳಿಕ, 1928ರಲ್ಲಿ, ಅದು ನಗರದ ಉತ್ತರ ಭಾಗದ 168ನೆಯ ಬೀದಿಯಲ್ಲಿ ಹೊಸದಾಗಿ ಕಟ್ಟಿದ ಕೊಲಂಬಿಯಾ-ಪ್ರೆಸ್‌ಬಿಟೇರಿಯನ್ ವೈದ್ಯಕೀಯ ಕೇಂದ್ರಕ್ಕೆ ಸ್ಥಳಾಂತರಗೊಂಡಿತು.

ಕ್ರೇಗಿನ್ ಕಾಲದ ಸಿಸೇರಿಯನ್

ಕ್ರೇಗಿನ್ ಅವರ ಮಾತನ್ನು ಸರಿಯಾಗಿ ತಿಳಿಯಬೇಕಾದರೆ ಅವರ ಕಾಲದ ಶಸ್ತ್ರಚಿಕಿತ್ಸೆ ಹೇಗಿತ್ತೆಂಬುದು ಗೊತ್ತಿರಬೇಕು. ಇಂದಿನ ಸಿಸೇರಿಯನ್ನಿಗೂ ಅದಕ್ಕೂ ಹೆಸರೊಂದೇ ಆದರೂ ಗರ್ಭಕೋಶವನ್ನು ಕೊಯ್ಯುವ ಜಾಗ ಬೇರೆ.

ಕ್ರೇಗಿನ್ ವಿದ್ಯಾರ್ಥಿಯಾಗಿದ್ದ ದಿನಗಳಲ್ಲಿ ಅಮೆರಿಕದಲ್ಲಿ ಸಿಸೇರಿಯನ್ನಿಗೆ ಒಳಗಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಾಯುತ್ತಿದ್ದರು. ಕೊಯ್ದ ಗರ್ಭಕೋಶವನ್ನು ಹೊಲಿಯದೆ ಬಿಡುವ ರೂಢಿ ಅದಕ್ಕೆ ಒಂದು ದೊಡ್ಡ ಕಾರಣ. ರಕ್ತಸ್ರಾವವೂ ಸೋಂಕೂ ಒಟ್ಟಿಗೆ ತಾಯಿಯ ಪ್ರಾಣವನ್ನು ತೆಗೆಯುತ್ತಿದ್ದವು. 1876ರಲ್ಲಿ ಇಟಲಿಯ ಪಾವಿಯಾದಲ್ಲಿ ಎದ್ವಾರ್ದೋ ಪೊರ್ರೋ ಎಂಬ ವೈದ್ಯರು ಮಗುವನ್ನು ತೆಗೆದ ನಂತರ ಗರ್ಭಕೋಶವನ್ನೇ ತೆಗೆದುಹಾಕಿ ತಾಯಿಯನ್ನು ಉಳಿಸಿದರು. ಪ್ರಾಣ ಉಳಿಯಿತು, ಮತ್ತೆ ತಾಯಿಯಾಗುವ ಆಸೆ ಉಳಿಯಲಿಲ್ಲ. 1882ರಲ್ಲಿ ಜರ್ಮನಿಯ ಮ್ಯಾಕ್ಸ್ ಸೆಂಗರ್ ಗರ್ಭಕೋಶವನ್ನು ಬೆಳ್ಳಿಯ ತಂತಿ ಮತ್ತು ರೇಷ್ಮೆಯ ದಾರದಿಂದ ಪದರ ಪದರವಾಗಿ ಹೊಲಿಯುವ ಕ್ರಮವನ್ನು ವಿವರಿಸಿದರು. ಅರಿವಳಿಕೆ, ಸೋಂಕು ನಿವಾರಣೆ ಮತ್ತು ಈ ಹೊಲಿಗೆ ಒಂದೆಡೆ ಸೇರಿದ ಮೇಲೆ ಸಿಸೇರಿಯನ್ ಆದ ಹೆಂಗಸು ಬದುಕುವುದು, ಮತ್ತೆ ಬಸಿರಾಗುವುದು ಸಾಧ್ಯವಾಯಿತು. ಹಳೆಯ ಹೊಲಿಗೆಯ ಕಲೆಯಿರುವ ಗರ್ಭಕೋಶದಿಂದ ಮುಂದಿನ ಮಗುವನ್ನು ಹೆರುವುದು ಹೇಗೆ ಎಂಬ ಪ್ರಶ್ನೆ ಹುಟ್ಟಿದ್ದೇ ಆಗ. ಅದಕ್ಕೆ ಮೊದಲು ಆ ಪ್ರಶ್ನೆಯನ್ನು ಕೇಳಲು ತಾಯಂದಿರು ಉಳಿಯುತ್ತಿರಲಿಲ್ಲ.

ಆ ಕಾಲದಲ್ಲಿ ಗರ್ಭಕೋಶದ ಮೇಲ್ಭಾಗದಲ್ಲಿ, ಮಾಂಸಖಂಡ ದಪ್ಪವಾಗಿರುವ ಕಡೆ, ಮೇಲಿನಿಂದ ಕೆಳಕ್ಕೆ ಉದ್ದವಾಗಿ ಕೊಯ್ಯುತ್ತಿದ್ದರು. ಹೆರಿಗೆ ನೋವಿನಲ್ಲಿ ಬಲವಾಗಿ ಸಂಕುಚಿಸುವುದು ಈ ಭಾಗವೇ. ಆದುದರಿಂದ ಮುಂದಿನ ಹೆರಿಗೆಯಲ್ಲಿ ಹಳೆಯ ಕಲೆ ಬಿರಿದು ಗರ್ಭಕೋಶ ಹರಿಯುವ ಭಯ ನಿಜವಾಗಿಯೂ ಇತ್ತು. ಈ ಬಗೆಯ ಕೊಯ್ತದ ಕಲೆ ಬಿರಿಯುವ ಸಂಭವ ನೂರಕ್ಕೆ ನಾಲ್ಕರಿಂದ ಒಂಬತ್ತರವರೆಗೆ ಇದೆ ಎಂಬುದು ಇಂದಿನ ಅಂದಾಜು. ಕೆಲವು ಸಲ ಹೆರಿಗೆ ನೋವು ಆರಂಭವಾಗುವ ಮೊದಲೇ ಅದು ಬಿರಿಯುವುದುಂಟು. ರಕ್ತ ಕೊಡುವ ವ್ಯವಸ್ಥೆಯಾಗಲಿ ಸೋಂಕು ತಡೆಯುವ ಆಂಟಿಬಯಾಟಿಕ್ ಔಷಧಗಳಾಗಲಿ ಇಲ್ಲದಿದ್ದ ದಿನಗಳಲ್ಲಿ ಗರ್ಭಕೋಶ ಹರಿಯಿತೆಂದರೆ ತಾಯಿ ಮಗು ಇಬ್ಬರನ್ನೂ ಉಳಿಸುವುದು ಕಷ್ಟ.

ಸಿಸೇರಿಯನ್ನಿನ ಮುಖ್ಯ ಕಾರಣವೂ ಇಂದಿನದಕ್ಕಿಂತ ಬೇರೆಯಾಗಿತ್ತು. ಬಿಸಿಲು ಕಾಣದ ನಗರದ ಇಕ್ಕಟ್ಟಿನ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ರಿಕೆಟ್ಸ್ ರೋಗ ತಗಲಿ ಎಲುಬುಗಳು ಬಾಗುತ್ತಿದ್ದವು. ಅಂತಹ ಹುಡುಗಿ ಬೆಳೆದು ಬಸಿರಾದಾಗ ಅವಳ ಸೊಂಟದ ಎಲುಬಿನ ದಾರಿ ಮಗುವಿನ ತಲೆಗೆ ಸಾಲುತ್ತಿರಲಿಲ್ಲ. ಒಮ್ಮೆ ಸಾಲದ ದಾರಿ ಮರುಸಲವೂ ಸಾಲುವುದಿಲ್ಲ. ಇಂತಹ ತಾಯಂದಿರ ವಿಷಯದಲ್ಲಿ ಮರಳಿ ಸಿಸೇರಿಯನ್ ಮಾಡುವುದು ಬಹುಮಟ್ಟಿಗೆ ಅನಿವಾರ್ಯವಾಗಿತ್ತು.

1916ರ ಉಪನ್ಯಾಸ

ಶಸ್ತ್ರಚಿಕಿತ್ಸೆ ಸುರಕ್ಷಿತವಾಗುತ್ತ ಬಂದಂತೆ ಅದನ್ನು ಕೈಗೆತ್ತಿಕೊಳ್ಳುವವರ ಸಂಖ್ಯೆಯೂ ಬೆಳೆಯಿತು. ಸೊಂಟದ ಎಲುಬು ಸರಿಯಾಗಿಯೇ ಇರುವ ಹೆಂಗಸರಿಗೂ ಬೇರೆ ಬೇರೆ ತೊಡಕುಗಳ ನೆಪದಲ್ಲಿ ಸಿಸೇರಿಯನ್ ಮಾಡುವ ಒಲವು ವೈದ್ಯರಲ್ಲಿ ಕಾಣತೊಡಗಿತು. ತಾಳ್ಮೆಯಿಂದ ಕಾಯುವ, ಅಗತ್ಯಬಿದ್ದರೆ ಇಕ್ಕಳದಿಂದ ಹೆರಿಗೆ ಮಾಡಿಸುವ ಹಳೆಯ ಕೌಶಲ ಹಿಂದೆ ಸರಿಯುತ್ತಿತ್ತು. ಈ ಬೆಳವಣಿಗೆಯನ್ನು ಕ್ರೇಗಿನ್ ಒಪ್ಪಲಿಲ್ಲ.

1916ರ ಮೇ ತಿಂಗಳಿನಲ್ಲಿ ಅವರು ನ್ಯೂಯಾರ್ಕಿನ ಈಸ್ಟರ್ನ್ ಮೆಡಿಕಲ್ ಸೊಸೈಟಿಯ ಸಭೆಯಲ್ಲಿ ಪ್ರಬಂಧವೊಂದನ್ನು ಓದಿದರು. ಪ್ರಸೂತಿ ಚಿಕಿತ್ಸೆಯಲ್ಲಿ ಸಂಯಮ ಎಂಬುದೇ ಅದರ ವಿಷಯ ಮತ್ತು ಶೀರ್ಷಿಕೆ. ಅದೇ ವರ್ಷ ಅದು ನ್ಯೂಯಾರ್ಕ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೂರು ಪುಟಗಳನ್ನು ಮೀರದ ಚಿಕ್ಕ ಬರಹ. ಹೆರಿಗೆಯ ತೊಡಕಿಗೆ ಸಿಸೇರಿಯನ್ ಸುಲಭವಾದ ಪರಿಹಾರವಾಗಿ ಕಂಡರೂ ಆ ಒಂದು ಕೊಯ್ತ ಹೆಂಗಸಿನ ಮುಂದಿನ ಎಲ್ಲ ಹೆರಿಗೆಗಳ ಮೇಲೂ ನೆರಳು ಚಾಚುತ್ತದೆ ಎಂಬುದು ಅವರ ವಾದ. ಮರಳಿ ಸಿಸೇರಿಯನ್ ಮಾಡುವುದೇ ಸಾಮಾನ್ಯ ರೂಢಿಯಾಗಿರುವುದರಿಂದ, ಮೊದಲ ಕೊಯ್ತಕ್ಕೆ ಕೈಹಾಕುವ ಮುನ್ನ ವೈದ್ಯನು ಅದು ನಿಜವಾಗಿ ಬೇಕೇ ಎಂದು ಯೋಚಿಸಬೇಕು ಎಂದು ಅವರು ಎಚ್ಚರಿಸಿದರು.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮರಳಿ ಸಿಸೇರಿಯನ್ ಎಂಬುದನ್ನು ಅವರು ತಾವು ವಿಧಿಸುತ್ತಿರುವ ನಿಯಮವಾಗಿ ಹೇಳಲಿಲ್ಲ, ಅಂದು ರೂಢಿಯಲ್ಲಿದ್ದುದನ್ನು ನೆನಪಿಸಿದರು. ಅದಕ್ಕೆ ಅಪವಾದಗಳಿವೆ ಎಂಬುದನ್ನೂ ಅದೇ ಪ್ರಬಂಧದಲ್ಲಿ ಒಪ್ಪಿಕೊಂಡರು. ಸ್ವತಃ ಅವರಿಂದಲೇ ಸಿಸೇರಿಯನ್ ಮಾಡಿಸಿಕೊಂಡಿದ್ದ ಒಬ್ಬ ಹೆಂಗಸು ಅನಂತರ ಮೂರು ಮಕ್ಕಳನ್ನು ಸಹಜವಾಗಿಯೇ ಹೆತ್ತಿದ್ದಳು. ಅವಳ ಸಂಗತಿಯನ್ನು ಅವರು ಮುಚ್ಚಿಡಲಿಲ್ಲ. ಮುಂದಿನ ತಲೆಮಾರುಗಳು ವಾಕ್ಯವನ್ನು ಕಂಠಪಾಠ ಮಾಡಿದವು, ಆ ಹೆಂಗಸನ್ನು ಮರೆತವು.

ಈ ಉಪನ್ಯಾಸವಾಗಿ ಎರಡು ವರ್ಷಗಳಲ್ಲಿ, 1918ರಲ್ಲಿ, ಅರುವತ್ತು ತುಂಬುವ ಮೊದಲೇ ಕ್ರೇಗಿನ್ ನಿಧನರಾದರು. ತಮ್ಮ ಮಾತಿಗೆ ಒದಗಿದ ಗತಿಯನ್ನು ಅವರು ಕಾಣಲಿಲ್ಲ.

ಎಚ್ಚರಿಕೆ ನಿಯಮವಾದ ಬಗೆ

ಕ್ರೇಗಿನ್ ಅವರ ಮಾತಿಗೆ ಆಧಾರವಾಗಿದ್ದ ಶಸ್ತ್ರಕ್ರಮವೇ ಅವರ ನಂತರ ಬದಲಾಯಿತು. 1920ರ ದಶಕದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಜಾನ್ ಮನ್ರೋ ಕರ್ ಎಂಬ ಪ್ರಾಧ್ಯಾಪಕರು ಗರ್ಭಕೋಶದ ಕೆಳಭಾಗದಲ್ಲಿ ಅಡ್ಡಲಾಗಿ ಕೊಯ್ಯುವ ಕ್ರಮವನ್ನು ಪ್ರತಿಪಾದಿಸಿದರು. ಈ ಭಾಗ ತೆಳುವಾದದ್ದು, ನೋವಿನ ಸಮಯದಲ್ಲಿ ಬಲವಾಗಿ ಸಂಕುಚಿಸುವುದಿಲ್ಲ, ರಕ್ತಸ್ರಾವ ಕಡಿಮೆ, ಕಲೆ ಚೆನ್ನಾಗಿ ಕೂಡಿಕೊಳ್ಳುತ್ತದೆ. ಇಂತಹ ಕಲೆ ಮುಂದಿನ ಹೆರಿಗೆಯಲ್ಲಿ ಬಿರಿಯುವ ಸಂಭವ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಮೊದಮೊದಲು ವೈದ್ಯರು ಈ ಕ್ರಮವನ್ನು ಸಂಶಯದಿಂದ ನೋಡಿದರೂ ಶತಮಾನದ ನಡುವಿನ ಹೊತ್ತಿಗೆ ಅದು ಎಲ್ಲೆಡೆ ಹರಡಿತು. ಬ್ರಿಟನ್ನಿನ ಆಸ್ಪತ್ರೆಗಳು ಇದರೊಡನೆಯೇ ತಮ್ಮ ಧೋರಣೆಯನ್ನೂ ಸಡಿಲಿಸಿ, ಸಿಸೇರಿಯನ್ ಆದ ತಾಯಂದಿರಲ್ಲಿ ಹಲವರಿಗೆ ಸಹಜ ಹೆರಿಗೆಯ ಪ್ರಯತ್ನಕ್ಕೆ ಅವಕಾಶ ಕೊಟ್ಟವು.

ಅಮೆರಿಕದಲ್ಲಿ ಮಾತ್ರ ಕೊಯ್ತ ಬದಲಾದರೂ ವಾಕ್ಯ ಬದಲಾಗಲಿಲ್ಲ. ಅದು ಚಿಕ್ಕದು, ನೆನಪಿಡಲು ಸುಲಭವಾದದ್ದು, ಗಾದೆಯಂತೆ ನಾಲಿಗೆಯ ಮೇಲೆ ನಿಲ್ಲುವಂಥದ್ದು. ಶಿಕ್ಷಕರಿಂದ ವಿದ್ಯಾರ್ಥಿಗಳಿಗೆ, ಅವರಿಂದ ಅವರ ವಿದ್ಯಾರ್ಥಿಗಳಿಗೆ ದಾಟುತ್ತ ಹೋಗಿ, ಯಾವ ಸಂದರ್ಭದಲ್ಲಿ ಹೇಳಿದ್ದೆಂಬುದು ಅಳಿಸಿಹೋಯಿತು. ಆ ದಿನಗಳಲ್ಲಿ ಸಿಸೇರಿಯನ್ನುಗಳೇ ವಿರಳವಾಗಿದ್ದುದೂ ಇದಕ್ಕೆ ಒಂದು ಕಾರಣವಿರಬೇಕು. 1970ರಲ್ಲಿ ಕೂಡ ಅಮೆರಿಕದ ಹೆರಿಗೆಗಳಲ್ಲಿ ನೂರಕ್ಕೆ ಐದೂವರೆ ಮಾತ್ರ ಸಿಸೇರಿಯನ್ ಆಗಿದ್ದವು. ನಿಯಮದ ಭಾರ ಬೀಳುತ್ತಿದ್ದುದು ಕೆಲವರ ಮೇಲೆ ಮಾತ್ರ, ಆದ್ದರಿಂದ ಅದನ್ನು ಪ್ರಶ್ನಿಸುವವರೂ ವಿರಳ.

ಮುಂದಿನ ಹತ್ತೇ ವರ್ಷಗಳಲ್ಲಿ ಈ ಪ್ರಮಾಣ ನೂರಕ್ಕೆ ಹದಿನಾರೂವರೆಗೆ ಏರಿತು. ಭ್ರೂಣದ ಹೃದಯ ಬಡಿತವನ್ನು ಯಂತ್ರದಿಂದ ದಾಖಲಿಸುವ ಪದ್ಧತಿ ಬಂದಿತು, ಪೃಷ್ಠ ಮುಂದಾಗಿರುವ ಮಕ್ಕಳನ್ನು ಸಿಸೇರಿಯನ್ನಿನಿಂದಲೇ ತೆಗೆಯತೊಡಗಿದರು, ನ್ಯಾಯಾಲಯದ ಮೊಕದ್ದಮೆಗಳ ಭಯವೂ ಸೇರಿಕೊಂಡಿತು. ಹೀಗೆ ಮೊದಲ ಸಿಸೇರಿಯನ್ನುಗಳು ಹೆಚ್ಚಿದಂತೆ, ಹಳೆಯ ನಿಯಮದ ಬಲದಿಂದ ಎರಡನೆಯ ಮತ್ತು ಮೂರನೆಯ ಸಿಸೇರಿಯನ್ನುಗಳು ತಾವಾಗಿಯೇ ಹೆಚ್ಚಿದವು. 1980ರಲ್ಲಿ ಹಿಂದೆ ಸಿಸೇರಿಯನ್ ಆಗಿದ್ದ ತಾಯಂದಿರಲ್ಲಿ ಸಹಜವಾಗಿ ಹೆತ್ತವರು ನೂರಕ್ಕೆ ನಾಲ್ವರಿಗೂ ಕಡಿಮೆ.

ಮರುಕೊಯ್ತವೆಂದರೆ ಅಪಾಯವಿಲ್ಲದ ದಾರಿ ಎಂದು ತಿಳಿಯುವಂತಿಲ್ಲ. ಪ್ರತಿಯೊಂದು ಕೊಯ್ತದ ನಂತರವೂ ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವ ಸಂಭವ ಹೆಚ್ಚುತ್ತದೆ. ಅದಕ್ಕಿಂತ ಗಂಭೀರವಾದ ತೊಡಕು, ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಕಲೆಯ ಮೇಲೆಯೇ ಬೇರೂರಿ ಹೆರಿಗೆಯ ನಂತರ ಬಿಡಿಸಿಕೊಳ್ಳದಿರುವುದು. ಆಗ ರಕ್ತಸ್ರಾವ ನಿಲ್ಲಿಸಲು ಗರ್ಭಕೋಶವನ್ನೇ ತೆಗೆಯಬೇಕಾಗಬಹುದು. ಮೊದಲ ಕೊಯ್ತದ ನೆರಳು ಮುಂದಿನ ಬಸಿರುಗಳ ಮೇಲೆ ಬೀಳುತ್ತದೆ ಎಂಬ ಕ್ರೇಗಿನ್ ಅವರ ಕಳವಳ ಇಂದಿಗೂ ಸುಳ್ಳಾಗಿಲ್ಲ.

ಮರುಪರಿಶೀಲನೆ

1980ರ ಸೆಪ್ಟೆಂಬರಿನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ಸಿಸೇರಿಯನ್ ಹೆರಿಗೆಯನ್ನು ಕುರಿತು ಕರೆದ ತಜ್ಞರ ಸಮ್ಮೇಳನ ಕ್ರೇಗಿನ್ ಅವರ ಹೆಸರಿನಲ್ಲಿ ನಡೆದುಬಂದ ಕಟ್ಟಳೆಯನ್ನು ನೇರವಾಗಿ ಪ್ರಶ್ನಿಸಿತು. ಕೆಳಭಾಗದಲ್ಲಿ ಅಡ್ಡ ಕೊಯ್ತವಾಗಿರುವ ತಾಯಂದಿರಿಗೆ, ಸೌಲಭ್ಯವುಳ್ಳ ಆಸ್ಪತ್ರೆಗಳಲ್ಲಿ, ಸಹಜ ಹೆರಿಗೆಯ ಪ್ರಯತ್ನಕ್ಕೆ ಅವಕಾಶವಿರಬೇಕೆಂದು ಅಭಿಪ್ರಾಯಪಟ್ಟಿತು. ಅಲ್ಲಿನ ಪ್ರಸೂತಿ ತಜ್ಞರ ಸಂಘವೂ ಎರಡು ವರ್ಷಗಳಲ್ಲಿ ಇದೇ ದಾರಿಗೆ ಬಂದಿತು. ವೈದ್ಯರು ಮಾತ್ರವೇ ಇದನ್ನು ಸಾಧಿಸಿದರೆನ್ನಲಾಗದು. ನ್ಯಾನ್ಸಿ ವೇನರ್ ಕೋಹೆನ್ ಮತ್ತು ಲೋಯಿಸ್ ಎಸ್ಟ್‌ನರ್ 1983ರಲ್ಲಿ ಬರೆದ ಸೈಲೆಂಟ್ ನೈಫ್ ಎಂಬ ಪುಸ್ತಕ ಸಿಸೇರಿಯನ್ ಆದ ತಾಯಂದಿರ ಪರವಾಗಿ ಗಟ್ಟಿಯಾದ ದನಿ ಎತ್ತಿತು. ಎಸ್ತರ್ ಜಾರ್ನ್ 1982ರಲ್ಲಿ ಕಟ್ಟಿದ ಮಹಿಳೆಯರ ಸಂಘಟನೆಯೂ ಆಸ್ಪತ್ರೆಗಳ ಬಾಗಿಲು ತಟ್ಟಿತು.

ಸಿಸೇರಿಯನ್ ನಂತರದ ಸಹಜ ಹೆರಿಗೆ 1985ರಲ್ಲಿ ನೂರಕ್ಕೆ 6.6ರಷ್ಟಿದ್ದುದು 1996ರ ವೇಳೆಗೆ 28.3ಕ್ಕೆ ಏರಿತು. ಪ್ರಯತ್ನಿಸಿದವರಲ್ಲಿ ನೂರಕ್ಕೆ ಅರುವತ್ತರಿಂದ ಎಂಬತ್ತು ಮಂದಿ ಸಫಲರಾಗುತ್ತಾರೆಂದು ಕಂಡುಬಂತು. ಆದರೆ ಉತ್ಸಾಹ ಅಳತೆ ಮೀರಿದ್ದೂ ಉಂಟು. ಖರ್ಚು ಉಳಿಸಲು ಕೆಲವು ವಿಮಾ ಕಂಪನಿಗಳು ಯಾರಿಗೆ ತಕ್ಕದ್ದು ಯಾರಿಗಲ್ಲ ಎಂದು ನೋಡದೆ ಸಹಜ ಹೆರಿಗೆಗೆ ಒತ್ತಾಯಿಸಿದವು. ಕಲೆಯಿರುವ ಗರ್ಭಕೋಶಕ್ಕೂ ನೋವು ಬರಿಸುವ ತೀವ್ರ ಔಷಧಗಳನ್ನು ಕೊಡಲಾಯಿತು. ವಾಷಿಂಗ್ಟನ್ ರಾಜ್ಯದ 20,095 ತಾಯಂದಿರ ದಾಖಲೆಗಳನ್ನು ಆಧರಿಸಿ 2001ರಲ್ಲಿ ಪ್ರಕಟವಾದ ಅಧ್ಯಯನ ಇದರ ಪರಿಣಾಮವನ್ನು ತೋರಿಸಿತು. ನೋವು ತಾನಾಗಿ ಬಂದವರಲ್ಲಿ ಗರ್ಭಕೋಶ ಹರಿದದ್ದು ಸಾವಿರಕ್ಕೆ 5.2ರಷ್ಟಾದರೆ, ಪ್ರೊಸ್ಟಗ್ಲಾಂಡಿನ್ ಔಷಧದಿಂದ ನೋವು ಬರಿಸಿದವರಲ್ಲಿ ಸಾವಿರಕ್ಕೆ 24.5ರಷ್ಟು.

ಮತ್ತೆ ಮುಚ್ಚಿದ ಬಾಗಿಲು

ಇದಕ್ಕೂ ಮೊದಲೇ, 1999ರಲ್ಲಿ, ಪ್ರಸೂತಿ ತಜ್ಞರ ಸಂಘ ತನ್ನ ಮಾರ್ಗಸೂಚಿಯನ್ನು ಬಿಗಿಗೊಳಿಸಿತ್ತು. ಹೀಗೆ ಹೆರುವ ತಾಯಿಯ ಬಳಿ ತುರ್ತು ಶಸ್ತ್ರಚಿಕಿತ್ಸೆ ಮಾಡಬಲ್ಲ ವೈದ್ಯರು ಕರೆದರೆ ಬರುವಷ್ಟು ಸಮೀಪದಲ್ಲಿದ್ದರೆ ಸಾಲದು, ಆ ಕ್ಷಣಕ್ಕೆ ಸಿದ್ಧರಾಗಿ ಇರಬೇಕು ಎಂಬುದು ಅದರ ಆಶಯ. ಕಾಗದದ ಮೇಲೆ ಬದಲಾದದ್ದು ಒಂದು ಪದ ಮಾತ್ರ. ಆದರೆ ಹಗಲೂ ರಾತ್ರಿಯೂ ಅರಿವಳಿಕೆ ತಜ್ಞರನ್ನು ಇಟ್ಟುಕೊಳ್ಳಲಾಗದ ಸಣ್ಣ ಊರುಗಳ ಆಸ್ಪತ್ರೆಗಳಿಗೆ ಇದು ಎಟುಕದ ಷರತ್ತಾಯಿತು. ಅವು ಒಂದೊಂದಾಗಿ ಈ ಸೇವೆಯನ್ನೇ ನಿಲ್ಲಿಸಿದವು. 2004ರ ಹೊತ್ತಿಗೆ ಪ್ರಮಾಣ ನೂರಕ್ಕೆ 9.2ಕ್ಕೆ ಕುಸಿಯಿತು.

2010ರ ಮಾರ್ಚಿಯಲ್ಲಿ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಮತ್ತೊಮ್ಮೆ ತಜ್ಞರನ್ನು ಸೇರಿಸಿತು. 1996ರ ನಂತರ ಸುಮಾರು ಮೂರನೆಯ ಒಂದು ಭಾಗದಷ್ಟು ಆಸ್ಪತ್ರೆಗಳೂ ಅರ್ಧದಷ್ಟು ವೈದ್ಯರೂ ಸಿಸೇರಿಯನ್ ಆದವರಿಗೆ ಸಹಜ ಹೆರಿಗೆಯ ಅವಕಾಶ ಕೊಡುತ್ತಿಲ್ಲವೆಂದು ಆ ಸಮ್ಮೇಳನ ಗುರುತಿಸಿತು. ತಕ್ಕ ತಾಯಂದಿರಿಗೆ ಅದು ಯೋಗ್ಯವಾದ ಆಯ್ಕೆಯೆಂದೂ, ಅಡ್ಡಿಯಾಗಿರುವ ಷರತ್ತನ್ನು ಮರಳಿ ಪರಿಶೀಲಿಸಬೇಕೆಂದೂ ಸೂಚಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಪ್ರಸೂತಿ ತಜ್ಞರ ಸಂಘ ತನ್ನ ಧೋರಣೆಯನ್ನು ಸಡಿಲಿಸಿತು. ಒಂದು ಅಡ್ಡ ಕೊಯ್ತವಾಗಿರುವ ಬಹುಪಾಲು ತಾಯಂದಿರೂ ಎರಡು ಸಲ ಕೊಯ್ತವಾಗಿರುವವರಲ್ಲಿ ಕೆಲವರೂ ಪ್ರಯತ್ನಕ್ಕೆ ಅರ್ಹರೆಂದಿತು. ಬೇಡವೆನ್ನುವ ತಾಯಿಗೆ ಬಲವಂತದಿಂದ ಶಸ್ತ್ರಚಿಕಿತ್ಸೆ ಮಾಡಬಾರದೆಂದೂ ಸ್ಪಷ್ಟಪಡಿಸಿತು. ಗರ್ಭಕೋಶದ ಮೇಲ್ಭಾಗದಲ್ಲಿ ಉದ್ದಕ್ಕೆ ಕೊಯ್ದಿರುವ ತಾಯಂದಿರಿಗೆ, ಅಂದರೆ ಕ್ರೇಗಿನ್ ಕಂಡಿದ್ದ ಬಗೆಯ ಕಲೆಯಿರುವವರಿಗೆ, ಮಾತ್ರ ಇಂದಿಗೂ ಮರಳಿ ಸಿಸೇರಿಯನ್ನೇ ಸೂಕ್ತವೆಂದು ವೈದ್ಯರು ಹೇಳುತ್ತಾರೆ.

ಮಾರ್ಗಸೂಚಿ ಸಡಿಲಗೊಂಡರೂ ಆಸ್ಪತ್ರೆಗಳ ರೂಢಿ ಬೇಗ ಬದಲಾಗಲಿಲ್ಲ. 2016ರಲ್ಲಿ ಅಮೆರಿಕದಲ್ಲಿ ಸಿಸೇರಿಯನ್ ಆಗಿದ್ದ ತಾಯಂದಿರಲ್ಲಿ ಸಹಜವಾಗಿ ಹೆತ್ತವರು ನೂರಕ್ಕೆ 12.4, 2018ರಲ್ಲಿ 13.3. ಊರಿನ ಆಸ್ಪತ್ರೆಯಲ್ಲಿ ಈ ಸೇವೆ ಇಲ್ಲದ ಕಡೆ, ಸಹಜ ಹೆರಿಗೆ ಬಯಸುವ ತಾಯಿ ಸೌಲಭ್ಯವಿರುವ ದೂರದ ನಗರಕ್ಕೆ ಹೋಗಬೇಕು, ಇಲ್ಲವಾದರೆ ಮರಳಿ ಕೊಯ್ತಕ್ಕೆ ಒಪ್ಪಬೇಕು.